ಗಟ್ಟಿ ಉಕ್ಕಿನ ಚಾಕು ಹರಿತ ಆಗುತ್ತಿಲ್ಲವೇ? ವಜ್ರದ ಮಸೆಗಲ್ಲಿನ ದೋಷ ನಿವಾರಣೆ ಕೈಪಿಡಿ

ಜಪಾನಿನ ಚಾಕು ಕೊಂಡವರು ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆ ಒಂದೇ: ಮನೆಯ ಕಲ್ಲಿಗೆ ಹಿಡಿದರೆ ಏನೂ ಆಗುತ್ತಿಲ್ಲ, ಯಾವ ವಜ್ರದ ಕಲ್ಲು ತರಲಿ? ಕೆಲವರು ಕೇಳುವುದಕ್ಕೆ ಮೊದಲೇ ತಂದಿರುತ್ತಾರೆ. ಆಗ ಪ್ರಶ್ನೆ ಬೇರೆ: ವಜ್ರದ ಕಲ್ಲು ತಂದರೂ ಯಾಕೆ ಆಗುತ್ತಿಲ್ಲ?

ಇಬ್ಬರಿಗೂ ಉತ್ತರ ಚಾಕುವಿನ ಅಂಚಿನಲ್ಲೇ ಇರುತ್ತದೆ. ಅಂಚು ಏನು ತೋರಿಸುತ್ತಿದೆ ಎಂದು ಓದಲು ಬಂದರೆ ಅರ್ಧ ಜನಕ್ಕೆ ಹೊಸ ಕಲ್ಲೇ ಬೇಕಾಗುವುದಿಲ್ಲ. ಉಳಿದರ್ಧ ಜನಕ್ಕೆ ಸರಿಯಾದ ಒಂದು ಸಾಕು. ಕೆಳಗೆ ಒಂದೊಂದು ಲಕ್ಷಣ ಹಿಡಿದು ಹೋಗೋಣ. ಪ್ರತಿ ಕಡೆಯೂ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ.

ಬೇಕಾದ ಸಾಮಾನು: ಒಂದು ಪರ್ಮನೆಂಟ್ ಮಾರ್ಕರ್, ಮೊಬೈಲ್ ಟಾರ್ಚ್, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಸ್ಟೀಲ್ ಸ್ಕೇಲು, ಒದ್ದೆ ಬಟ್ಟೆ. ಅಕ್ಕಸಾಲಿಗರು ಇಟ್ಟುಕೊಳ್ಳುವ 10 ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ ಇದ್ದರೆ ತುಂಬಾ ಒಳ್ಳೆಯದು.

ಶುರು ಮಾಡುವ ಮುಂಚೆ ಜಾಗ್ರತೆ

ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಕಿ. ಕಲ್ಲು ಜಾರಿದಾಗಲೇ ಕೈ ಕುಯ್ಯುವುದು. ಚಾಕು ಒರೆಸುವಾಗ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ, ಅಡ್ಡವಾಗಿ ಒರೆಸಿ. ಅಂಚಿನ ಉದ್ದಕ್ಕೆ ಬೆರಳು ಓಡಿಸುವುದು ಯಾವತ್ತೂ ಬೇಡ. ಮಸೆದಾಗ ಬರುವ ಕಪ್ಪು ನೀರಿನಲ್ಲಿ ಉಕ್ಕಿನ ಪುಡಿಯೂ ಇರುತ್ತದೆ, ಹೊಸ ಪ್ಲೇಟಾದರೆ (ವಜ್ರದ ಕಣ ಕೂರಿಸಿದ ತಗಡಿನ ಮಸೆಗಲ್ಲು) ಉದುರಿದ ವಜ್ರದ ಕಣವೂ ಇರುತ್ತದೆ. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ. ಚಾಕುವನ್ನು ಸೋಪು ಹಾಕಿ ತೊಳೆಯದೆ ತರಕಾರಿಗೆ ಹಚ್ಚಬೇಡಿ. ಮಕ್ಕಳು ಓಡಾಡುವ ಹೊತ್ತಿನಲ್ಲಿ ಈ ಕೆಲಸ ಬೇಡವೇ ಬೇಡ.

ಲಕ್ಷಣ 1: ಹಳೆಯ ಕಲ್ಲಿನ ಮೇಲೆ ಚಾಕು ಜಾರುತ್ತದೆ, ಕಚ್ಚುವುದೇ ಇಲ್ಲ

ವಜ್ರದ ಕಲ್ಲಿನ ಯೋಚನೆ ಬರುವುದು ಇಲ್ಲೇ. ಆದರೆ ಕಲ್ಲಿನ ಮೇಲೆ ತಪ್ಪು ಹೊರಿಸುವ ಮುಂಚೆ ಮಾರ್ಕರ್ ತೆಗೆದುಕೊಳ್ಳಿ.

ಅಂಚಿನ ಇಳಿಜಾರಿಗೆ ಎರಡೂ ಕಡೆ ಕಪ್ಪು ಬಳಿಯಿರಿ. ಕಲ್ಲಿನ ಮೇಲೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಟಾರ್ಚ್ ಹಿಡಿದು ನೋಡಿ. ಕಪ್ಪು ಬೆನ್ನಿನ ಕಡೆ ಮಾತ್ರ ಹೋಗಿ, ಅಂಚಿನ ತುದಿಯಲ್ಲಿ ಕೂದಲಿನಷ್ಟು ತೆಳು ಗೆರೆ ಉಳಿದಿದ್ದರೆ ನೀವು ಅಂಚನ್ನು ಮುಟ್ಟೇ ಇಲ್ಲ. ಭುಜವನ್ನು, ಅಂದರೆ ಇಳಿಜಾರಿನ ಮೇಲ್ತುದಿಯನ್ನು, ಉಜ್ಜುತ್ತಾ ಕೂತಿದ್ದೀರಿ. ಆಗ ಯಾವ ಕಲ್ಲು ತಂದರೂ ಪ್ರಯೋಜನವಿಲ್ಲ. ಬೆನ್ನನ್ನು ಸ್ವಲ್ಪ ಮೇಲೆತ್ತಿ, ಅಷ್ಟೇ. ಕಪ್ಪು ಅಂಚಿನ ತುದಿಯಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಜಾಸ್ತಿ ಎತ್ತಿದ್ದೀರಿ.

ಎಷ್ಟು ಎತ್ತಬೇಕು ಎನ್ನುವುದಕ್ಕೆ ಲೆಕ್ಕ ಇದೆ. ಅಲಗಿನ ಅಗಲ 45 ಮಿಲಿಮೀಟರ್ ಇದ್ದರೆ, ಒಂದು ಬದಿಗೆ 15 ಡಿಗ್ರಿ ಬೇಕೆಂದರೆ ಬೆನ್ನು ಕಲ್ಲಿನಿಂದ ಸುಮಾರು 11.5 ಮಿಲಿಮೀಟರ್ ಮೇಲಿರಬೇಕು. 20 ಡಿಗ್ರಿಗೆ ಸುಮಾರು 15 ಮಿಲಿಮೀಟರ್. ಜಪಾನಿನ ತೆಳು ಅಲಗಿಗೆ 15 ಸರಿ. ಜರ್ಮನ್ ಮಾದರಿಯ ದಪ್ಪ ಅಲಗಿಗೆ 20ರ ಹತ್ತಿರ ಇರಲಿ. ನಾಣ್ಯ ಪೇರಿಸಿ ಒಮ್ಮೆ ಎತ್ತರ ನೋಡಿಕೊಂಡರೆ ಕೈಗೆ ಅಂದಾಜು ಸಿಗುತ್ತದೆ.

ಕಪ್ಪು ಪೂರ್ತಿ ಹೋಗುತ್ತಿದೆ, ಆದರೂ ಜಾರುತ್ತದೆಯೇ? ಹಾಗಾದರೆ ಕಲ್ಲನ್ನು ಮುಟ್ಟಿ ನೋಡಿ. ವರ್ಷಾನುಗಟ್ಟಲೆ ಅಡುಗೆ ಎಣ್ಣೆ ಕುಡಿದ ಕಲ್ಲು ಗಾಜಿನ ಹಾಗೆ ನುಣುಪಾಗಿರುತ್ತದೆ. ಬಿಸಿನೀರು, ಲಿಕ್ವಿಡ್ ಹಾಕಿ ಚೆನ್ನಾಗಿ ಉಜ್ಜಿ. ಸಮತಟ್ಟಾದ ಗಾಜಿನ ಮೇಲೆ 80 ಅಥವಾ 120 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಕಲ್ಲನ್ನು ಅದರ ಮೇಲೆ ತಿಕ್ಕಿ. ಹೊಸ ಮೈ ಬಂದ ಕೂಡಲೇ ಎಷ್ಟೋ ಕಲ್ಲುಗಳು ಮತ್ತೆ ಕಚ್ಚತೊಡಗುತ್ತವೆ.

ಇದೂ ಆಯಿತು, ಇನ್ನೂ ಜಾರುತ್ತದೆ ಅಂದರೆ ಉಕ್ಕು ಯಾವುದು ಎಂದು ನೋಡುವ ಹೊತ್ತು ಬಂತು.

ಗಡಸುತನ ಬೇರೆ, ಸವೆಯದೆ ನಿಲ್ಲುವ ಗುಣ ಬೇರೆ. ಈ ಎರಡನ್ನು ಒಂದೇ ಅಂದುಕೊಂಡು ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಜರ್ಮನ್ ಚಾಕು 56ರ ಆಸುಪಾಸು, ವಿಜಿ-10 ಉಕ್ಕು 60ರ ಆಸುಪಾಸು, ಎಸ್‌ಜಿ2 ಉಕ್ಕು 62ರಿಂದ 64. ಜಪಾನಿನ ಶಿರೋಗಾಮಿ ಎಂಬ ಕಾರ್ಬನ್ ಉಕ್ಕನ್ನೂ 62ರಿಂದ 64ಕ್ಕೆ ಏರಿಸುತ್ತಾರೆ. ಆದರೆ ಅದು ಸಾಮಾನ್ಯ ವಾಟರ್ ಸ್ಟೋನಿನ (ನೀರು ಹಾಕಿ ಮಸೆಯುವ ಕಲ್ಲು) ಮೇಲೆ ಸಲೀಸಾಗಿ ಹರಿತವಾಗುತ್ತದೆ. ಯಾಕೆ? ಅದರಲ್ಲಿ ವನೇಡಿಯಂ ಎಂಬ ಲೋಹ ಇಲ್ಲ.

ಉಕ್ಕಿನೊಳಗೆ ಕಾರ್ಬೈಡ್ ಎಂಬ ಗಟ್ಟಿ ಕಣಗಳಿರುತ್ತವೆ, ಕಾಂಕ್ರೀಟಿನೊಳಗೆ ಜಲ್ಲಿ ಇರುವ ಹಾಗೆ. ಕ್ರೋಮಿಯಂ ಕಾರ್ಬೈಡಿನ ಗಡಸುತನ ವಿಕರ್ಸ್ ಎಂಬ ಇನ್ನೊಂದು ಅಳತೆಯಲ್ಲಿ ಸುಮಾರು 1,500. ನಮ್ಮ ಸಾಮಾನ್ಯ ಕಲ್ಲಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಸುಮಾರು 2,000. ಅಂದರೆ ಅದು ಕ್ರೋಮಿಯಂ ಕಾರ್ಬೈಡನ್ನು ಕತ್ತರಿಸಬಲ್ಲದು. ವನೇಡಿಯಂ ಕಾರ್ಬೈಡ್ ಮಾತ್ರ 2,600 ದಾಟುತ್ತದೆ. ಕಲ್ಲಿಗಿಂತ ಚಾಕುವಿನ ಕಣವೇ ಗಟ್ಟಿ! ಕಲ್ಲು ಸುತ್ತಲಿನ ಉಕ್ಕನ್ನು ತೆಗೆಯುತ್ತದೆ, ಕಣವನ್ನು ಮುಟ್ಟಲಾರದು. ವಜ್ರ 7,000ಕ್ಕೂ ಮೇಲೆ ಇರುವುದರಿಂದ ಎರಡನ್ನೂ ಒಟ್ಟಿಗೇ ಕತ್ತರಿಸುತ್ತದೆ.

ಹಾಗಾಗಿ ಚಾಕುವಿನ ಮೇಲೆ ಅಥವಾ ಡಬ್ಬದ ಮೇಲೆ ಉಕ್ಕಿನ ಹೆಸರು ಹುಡುಕಿ. ಎಸ್30ವಿ ಮತ್ತು ಎಂ390 ಉಕ್ಕಿನಲ್ಲಿ ವನೇಡಿಯಂ ಸುಮಾರು 4 ಶೇಕಡಾ, ಎಸ್90ವಿ ಉಕ್ಕಿನಲ್ಲಿ 9 ಶೇಕಡಾ. ಇವಕ್ಕೆ ವಜ್ರ ಬೇಕು, ಚರ್ಚೆಯೇ ಇಲ್ಲ. ಎಸ್‌ಜಿ2ರಲ್ಲಿ 2 ಶೇಕಡಾ. ವಜ್ರ ಇದ್ದರೆ ಕೆಲಸ ಬೇಗ, ಒಳ್ಳೆಯ ವಾಟರ್ ಸ್ಟೋನಿನಲ್ಲೂ ನಡೆಯುತ್ತದೆ. ವಿಜಿ-10ರಲ್ಲಿ ವನೇಡಿಯಂ ಅರ್ಧ ಶೇಕಡಾ ಕೂಡ ಇಲ್ಲ. ಅದಕ್ಕೆ 1000 ನಂಬರಿನ ವಾಟರ್ ಸ್ಟೋನು ಸಾಕು. ಈಳಿಗೆ ಮಣೆಗೆ, ಕುಲುಮೆಯಲ್ಲಿ ಮಾಡಿಸಿದ ಕತ್ತಿಗೆ ವಜ್ರದ ಅಗತ್ಯವೇ ಇಲ್ಲ. ಆ ಕಾರ್ಬನ್ ಉಕ್ಕಿಗೆ ಮನೆಯ ಮಸೆಗಲ್ಲೇ ಸರಿ. ಸೆರಾಮಿಕ್ ಚಾಕು ಇದ್ದರೆ ಮಾತ್ರ ಬೇರೆ ದಾರಿ ಇಲ್ಲ, ವಜ್ರವೇ ಆಗಬೇಕು.

ಲಕ್ಷಣ 2: ಹೊಸ ವಜ್ರದ ಪ್ಲೇಟು ಅಲಗಿನ ಮೇಲೆ ಆಳವಾದ ಗೀರು ಹಾಕುತ್ತಿದೆ

ಮೊದಲ ಕೆಲವು ಸಲ ಇದು ಸಹಜ. ಹೆಚ್ಚಿನ ಪ್ಲೇಟುಗಳಲ್ಲಿ ಉಕ್ಕಿನ ತಗಡಿನ ಮೇಲೆ ನಿಕ್ಕಲ್ ಲೇಪಿಸಿ ಅದರಲ್ಲಿ ವಜ್ರದ ಕಣಗಳ ಒಂದೇ ಒಂದು ಪದರ ಕೂರಿಸಿರುತ್ತಾರೆ. ಅಲ್ಲೊಂದು ಇಲ್ಲೊಂದು ಕಣ ಎತ್ತರಕ್ಕೆ ನಿಂತಿರುತ್ತದೆ. ಅವು ಉದುರುವವರೆಗೆ ಅಥವಾ ಮುರಿಯುವವರೆಗೆ ಪ್ಲೇಟು ಬರೆದ ನಂಬರಿಗಿಂತ ಒರಟಾಗಿ ವರ್ತಿಸುತ್ತದೆ.

ಯಾವುದಾದರೂ ಹಳೆಯ ಉಳಿಯನ್ನೋ ಅಗ್ಗದ ಚಾಕುವಿನ ಬೆನ್ನನ್ನೋ ನೀರು ಹಾಕಿ ಪ್ಲೇಟಿನ ಪೂರ್ತಿ ಮೈಮೇಲೆ ಹಗುರವಾಗಿ ತಿಕ್ಕಿ. ಆಮೇಲೆ ತೊಳೆದು, ಒಳ್ಳೆಯ ಚಾಕುವಿಗೆ ಬಳಸಿ. ಗೀರು ಒಂದೇ ಸಮನಾಗಿ ಕಂಡರೆ ಪ್ಲೇಟು ಪಳಗಿದೆ. ಹತ್ತಾರು ಸಲ ಬಳಸಿದ ಮೇಲೂ ಸಣ್ಣ ಗೀರುಗಳ ನಡುವೆ ಒಂದೊಂದು ದೊಡ್ಡ ಗೀರು ಬರುತ್ತಲೇ ಇದ್ದರೆ ಕಣಗಳನ್ನು ಸರಿಯಾಗಿ ಜರಡಿ ಹಿಡಿದಿಲ್ಲ ಎಂದರ್ಥ. ಅದು ಪ್ಲೇಟಿನ ದೋಷ. ವಾಪಸ್ ಕೊಡಲು ಅವಕಾಶ ಇದ್ದರೆ ಕೊಟ್ಟುಬಿಡಿ. ಅದನ್ನು ನೀವು ಸರಿಪಡಿಸಲಾರಿರಿ.

ನಂಬರಿನ ಗೊಂದಲವೂ ಇದೆ. ಒಂದೇ ನಂಬರು ಬೇರೆ ಬೇರೆ ಪದ್ಧತಿಯಲ್ಲಿ ಬೇರೆ ಬೇರೆ ಗಾತ್ರ. ಅಮೆರಿಕದ ಡಿಎಂಟಿ ಕಂಪನಿಯ ಲೆಕ್ಕದಲ್ಲಿ 325 ಮೆಶ್ (ಜರಡಿಯ ನಂಬರು) ಅಂದರೆ 45 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), 600 ಅಂದರೆ 25 ಮೈಕ್ರಾನ್, 1200 ಅಂದರೆ 9 ಮೈಕ್ರಾನ್. ಜಪಾನಿನ ವಾಟರ್ ಸ್ಟೋನಿನ 1000 ಸುಮಾರು 15 ಮೈಕ್ರಾನ್. ಆದ್ದರಿಂದ ನಂಬರು ನೋಡಬೇಡಿ, ಮೈಕ್ರಾನ್ ಕೇಳಿ. ಅದೂ ಅಲ್ಲದೆ ಒಂದೇ ಮೈಕ್ರಾನಿನಲ್ಲಿ ವಜ್ರದ ಗೀರು ಮಣ್ಣಿನಂತೆ ಮೆತ್ತಗೆ ಸವೆಯುವ ವಾಟರ್ ಸ್ಟೋನಿನ ಗೀರಿಗಿಂತ ಆಳವಾಗಿಯೇ ಇರುತ್ತದೆ. ಕಣ ಜರುಗುವುದಿಲ್ಲ, ಬಗ್ಗುವುದಿಲ್ಲ.

ಲಕ್ಷಣ 3: ಮೊದಲು ಚೆನ್ನಾಗಿ ಕಚ್ಚುತ್ತಿದ್ದ ಪ್ಲೇಟು ಈಗ ನುಣುಪಾಗಿದೆ

ಸವೆದಿದೆ ಎಂದು ಎಸೆಯಬೇಡಿ. ಮುಕ್ಕಾಲು ಪಾಲು ಅದು ಕಟ್ಟಿಕೊಂಡಿರುತ್ತದೆ. ಕಣಗಳ ನಡುವೆ ಉಕ್ಕಿನ ಪುಡಿ ತುಂಬಿ ಪ್ಲೇಟು ಕಪ್ಪು-ಬೂದು ಬಣ್ಣಕ್ಕೆ ತಿರುಗಿರುತ್ತದೆ. ಲಿಕ್ವಿಡ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ. ಹೋಗದಿದ್ದರೆ ಪಾತ್ರೆ ತಿಕ್ಕುವ ಪುಡಿ ಬಳಸಿ. ಶಾಲೆಯ ಮಕ್ಕಳ ರಬ್ಬರಿನಿಂದ ಒಣ ಪ್ಲೇಟನ್ನು ಉಜ್ಜಿದರೂ ಪುಡಿ ರಬ್ಬರಿಗೆ ಅಂಟಿಕೊಂಡು ಬರುತ್ತದೆ, ನೋಡಿದರೆ ಆಶ್ಚರ್ಯವಾಗುವಷ್ಟು. ಬ್ಲೀಚ್ ಮಾತ್ರ ಹಾಕಬೇಡಿ, ಲೋಹ ತಿನ್ನುತ್ತದೆ.

ಮುಂದೆ ಕಟ್ಟಿಕೊಳ್ಳದಿರಲು ಎಣ್ಣೆ ಬಿಟ್ಟು ನೀರಿಗೆ ಒಂದು ಹನಿ ಲಿಕ್ವಿಡ್ ಸೇರಿಸಿ ಬಳಸಿ.

ತೊಳೆದ ಮೇಲೂ ಕಚ್ಚದಿದ್ದರೆ ಭೂತಗನ್ನಡಿಯಲ್ಲಿ ನೋಡಿ. ಪ್ಲೇಟಿನ ಅಂಚುಗಳಲ್ಲಿ, ಯಾರೂ ಬಳಸದ ಮೂಲೆಯಲ್ಲಿ ಕಣಗಳು ಮಿನುಗುತ್ತವೆ. ನಡುವೆ ಅಷ್ಟೇ ದಟ್ಟವಾಗಿ ಮಿನುಗಿದರೆ ಪ್ಲೇಟಿಗೆ ಇನ್ನೂ ಆಯಸ್ಸಿದೆ. ನಡುವೆ ಬರೀ ಸಣ್ಣ ಗುಳಿಗಳು ಕಂಡರೆ ಕಣಗಳು ಕಿತ್ತುಹೋಗಿವೆ. ಅದಕ್ಕೆ ಕಾರಣ ಬಹುತೇಕ ಎರಡೇ. ಒಂದು, ವಿಪರೀತ ಒತ್ತಡ. ಎರಡು, ಒರಟು ಸಿಲಿಕಾನ್ ಕಾರ್ಬೈಡ್ ಕಲ್ಲುಗಳನ್ನು ಮಟ್ಟ ಮಾಡಲು ಅದೇ ಪ್ಲೇಟನ್ನು ಬಳಸಿದ್ದು. ಆ ಕಲ್ಲಿನಿಂದ ಉದುರುವ ಕಣಗಳು ನಿಕ್ಕಲ್ಲನ್ನೇ ತಿನ್ನುತ್ತವೆ. ಕಲ್ಲು ಮಟ್ಟ ಮಾಡಲು ಬೇರೆ ಪ್ಲೇಟು ಇರಲಿ, ಅಥವಾ ಮೇಲೆ ಹೇಳಿದ ವಾಟರ್ ಪೇಪರೇ ಸಾಕು.

ಒತ್ತಡದ ಬಗ್ಗೆ ಒಂದು ಮಾತು. ಸಾಮಾನ್ಯ ಕಲ್ಲಿಗೆ ಅಭ್ಯಾಸವಾದ ಕೈ ವಜ್ರದ ಮೇಲೂ ಹಾಗೇ ಒತ್ತುತ್ತದೆ. ಪ್ಲೇಟನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಎಂದಿನಂತೆ ಮಸೆಯುವಷ್ಟೇ ಒತ್ತಿ ನೋಡಿ. ಎರಡು ಮೂರು ಕಿಲೋ ತೋರಿಸಿದರೆ ಜಾಸ್ತಿಯಾಯಿತು. ಶುರುವಿಗೆ ಅರ್ಧ ಕಿಲೋ, ಮುಗಿಸುವಾಗ ನೂರು ಇನ್ನೂರು ಗ್ರಾಂ ಸಾಕು. ವಜ್ರಕ್ಕೆ ನಿಮ್ಮ ಬಲ ಬೇಕಿಲ್ಲ.

ಲಕ್ಷಣ 4: ಎಷ್ಟು ಮಸೆದರೂ ಬರ್ ಬರುವುದಿಲ್ಲ, ಅಥವಾ ಬಂದದ್ದು ಹೋಗುವುದಿಲ್ಲ

ಒಂದು ಬದಿ ಮಸೆದಾಗ ಅಂಚಿನ ಉಕ್ಕು ಇನ್ನೊಂದು ಬದಿಗೆ ಸಣ್ಣಗೆ ಮಡಚಿಕೊಳ್ಳುತ್ತದೆ. ಅದನ್ನೇ ಬರ್ ಎನ್ನುವುದು. ಬರ್ ಬಂದಿದೆ ಅಂದರೆ ಆ ಬದಿಯನ್ನು ಅಂಚಿನವರೆಗೂ ಮಸೆದಿದ್ದೀರಿ ಅಂತ ಲೆಕ್ಕ.

ಮೆತ್ತಗಿನ ಉಕ್ಕಿನಲ್ಲಿ ಅದು ತಂತಿಯ ಹಾಗೆ ಬೆರಳಿಗೆ ಸಿಗುತ್ತದೆ. ಗಟ್ಟಿ ಉಕ್ಕಿನಲ್ಲಿ ಅಷ್ಟು ದೊಡ್ಡದು ಬರುವುದಿಲ್ಲ. ಅದಕ್ಕೇ ಬಹಳ ಜನ ಬಂದಿಲ್ಲ ಅಂದುಕೊಂಡು ಉಜ್ಜುತ್ತಲೇ ಹೋಗಿ ಅಲಗು ಸವೆಸುತ್ತಾರೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಹಗುರವಾಗಿ ಜಾರಿಸಿ ನೋಡಿ. ಸಿಗದಿದ್ದರೆ ಟಾರ್ಚನ್ನು ಬೆನ್ನಿನ ಕಡೆಯಿಂದ ಅಂಚಿನತ್ತ ಓರೆಯಾಗಿ ಹಿಡಿಯಿರಿ. ಅಂಚಿನ ತುದಿಯಲ್ಲಿ ಬಿಳಿ ದಾರದಂತೆ ಬೆಳಕು ಹೊಳೆದರೆ ಬರ್ ಅಲ್ಲಿದೆ. ಹಿಡಿಯ ಬುಡದಿಂದ ತುದಿಯವರೆಗೆ ಆ ದಾರ ಎಲ್ಲೂ ತುಂಡಾಗದೆ ಇರಬೇಕು. ತುಂಡಾದ ಕಡೆಗೆ ಮಾತ್ರ ಇನ್ನಷ್ಟು ಮಸೆಯಿರಿ.

ಬಂದದ್ದು ಹೋಗದಿದ್ದರೆ ತೊಂದರೆ ಕೈಯದ್ದು. ಆ ಕಡೆ ಈ ಕಡೆ ಮಡಚುತ್ತಾ ಇದ್ದೀರಿ, ಕತ್ತರಿಸುತ್ತಿಲ್ಲ. ಒಂದೊಂದು ಬದಿಗೆ ಒಂದೊಂದೇ ಎಳೆತ, ಅಂಚು ಮುಂದೆ ಹೋಗುವ ಹಾಗೆ, ಚಾಕುವಿನ ತೂಕವಷ್ಟೇ ಬೀಳುವ ಹಾಗೆ. ಬೆನ್ನನ್ನು ಎರಡು ಮೂರು ಡಿಗ್ರಿ ಜಾಸ್ತಿ ಎತ್ತಿ ಎರಡು ಎಳೆತ ಕೊಟ್ಟರೆ ಹಟಮಾರಿ ಬರ್ ಕೂಡ ಕಡಿದು ಬೀಳುತ್ತದೆ. ಆಮೇಲೆ 1 ಮೈಕ್ರಾನಿನ ವಜ್ರದ ಪೇಸ್ಟ್ ಹಚ್ಚಿದ ಚರ್ಮದ ಮೇಲೆ ಹಿಮ್ಮುಖವಾಗಿ, ಅಂದರೆ ಬೆನ್ನು ಮುಂದೆ ಹೋಗುವ ಹಾಗೆ, ನಾಲ್ಕಾರು ಸಲ ಎಳೆಯಿರಿ. ಹಸಿರು ಪೇಸ್ಟ್ ಅಗ್ಗ, ಸಾಮಾನ್ಯ ಉಕ್ಕಿಗೆ ಚೆನ್ನಾಗಿದೆ. ಆದರೆ ಅದರಲ್ಲಿರುವ ಕ್ರೋಮಿಯಂ ಆಕ್ಸೈಡ್ ವನೇಡಿಯಂ ಕಾರ್ಬೈಡಿಗಿಂತ ಮೆದು. ಎಸ್90ವಿ ತರದ ಉಕ್ಕಿಗೆ ವಜ್ರದ ಪೇಸ್ಟೇ ಇರಲಿ.

ಲಕ್ಷಣ 5: ಕಾಗದ ಕತ್ತರಿಸುತ್ತದೆ, ಟೊಮೇಟೊ ಸಿಪ್ಪೆಯ ಮೇಲೆ ಜಾರುತ್ತದೆ

ಅಂಚು ಜಾಸ್ತಿ ನುಣುಪಾಗಿದೆ. 3 ಮೈಕ್ರಾನಿನ ಪ್ಲೇಟು, ಅದರ ಮೇಲೆ ಹತ್ತಾರು ಸಲ ಚರ್ಮ, ಇಷ್ಟೆಲ್ಲ ಮಾಡಿದರೆ ಅಡುಗೆಮನೆಗೆ ಬೇಕಾದ ಸಣ್ಣ ಕಚ್ಚು ಹೋಗಿಬಿಡುತ್ತದೆ. 25 ಮೈಕ್ರಾನಿನ ಪ್ಲೇಟಿಗೆ ವಾಪಸ್ ಹೋಗಿ, ಬದಿಗೆ ಮೂರ್ನಾಲ್ಕು ಹಗುರ ಎಳೆತ ಕೊಡಿ. ಟೊಮೇಟೊ, ದಪ್ಪಮೆಣಸಿನಕಾಯಿ ಎಲ್ಲ ಸರಿಹೋಗುತ್ತದೆ. ನುಣುಪು ಅಂಚು ಹಸಿ ಮೀನು ತೆಳ್ಳಗೆ ಸೀಳುವವರಿಗೆ ಬೇಕು, ಹುಳಿಗೆ ತರಕಾರಿ ಹೆಚ್ಚುವವರಿಗಲ್ಲ.

ಹರಿತ ಮಾಡಿದ ದಿನ ಚೆನ್ನಾಗಿದ್ದು ಮಾರನೇ ದಿನವೇ ಮೊಂಡಾದರೆ ಅದು ಬೇರೆ ಕತೆ. ಬರ್ ಪೂರ್ತಿ ಹೋಗಿರಲಿಲ್ಲ. ನಿಂತಿದ್ದ ಬರ್ ಮಣೆಗೆ ತಾಗಿ ಮಡಚಿದೆ. ನಾಲ್ಕನೇ ಲಕ್ಷಣಕ್ಕೆ ಹೋಗಿ.

ಲಕ್ಷಣ 6: ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಬಿದ್ದಿದೆ

ಇಲ್ಲಿ ಮೊದಲ ಪರೀಕ್ಷೆ ಕಲ್ಲಿನದಲ್ಲ, ಅಡುಗೆಮನೆಯದು. ಗಟ್ಟಿ ಉಕ್ಕು ಬಗ್ಗುವುದಿಲ್ಲ, ಒಡೆಯುತ್ತದೆ. ತೆಂಗಿನಕಾಯಿ ಚಿಪ್ಪು, ಕೊಬ್ಬರಿ, ಮೂಳೆ, ಫ್ರೀಜರಿನಿಂದ ತೆಗೆದ ಮಾಂಸ ಇವಕ್ಕೆ ಈ ಚಾಕು ಬಳಸಿದ್ದೀರಾ? ಗಾಜಿನ ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚಿದ್ದೀರಾ? ಕುಂಬಳಕಾಯಿಯಲ್ಲಿ ಸಿಕ್ಕಿಕೊಂಡಾಗ ತಿರುಚಿ ಬಿಡಿಸಿದ್ದೀರಾ? ಹೌದು ಎಂದಾದರೆ ಕಾರಣ ಸಿಕ್ಕಿತು. ಆ ಕೆಲಸಗಳಿಗೆ ಕತ್ತಿ ಇದೆ, ಈಳಿಗೆ ಇದೆ. ಅವೇ ಮಾಡಲಿ.

ಎಳೆದು ಹರಿತ ಮಾಡುವ ವಿ ಆಕಾರದ ಯಂತ್ರಗಳೂ ಗಟ್ಟಿ ಉಕ್ಕಿನ ಅಂಚನ್ನು ಕೀಳುತ್ತವೆ. ಸ್ಟೀಲಿನ ಕೋಲಿನ ಮೇಲೆ ರಪರಪ ಬಡಿದರೂ ಅಷ್ಟೇ. ಕೋಲು ಬೇಕಾದರೆ ಸೆರಾಮಿಕ್ಕಿನದು ತೆಗೆದುಕೊಳ್ಳಿ, ಹಗುರವಾಗಿ ಬಳಸಿ.

ಇದ್ಯಾವುದೂ ಇಲ್ಲದೆ ಹಲ್ಲು ಬೀಳುತ್ತಿದ್ದರೆ ಅಂಚು ಅತಿ ತೆಳುವಾಗಿದೆ. 12 ಡಿಗ್ರಿಯಲ್ಲಿದ್ದರೆ 15ಕ್ಕೆ, 15ರಲ್ಲಿದ್ದರೆ 18ಕ್ಕೆ ಏರಿಸಿ. ಪೂರ್ತಿ ಇಳಿಜಾರು ಬದಲಿಸಬೇಕಿಲ್ಲ, ಕೊನೆಯ ನಾಲ್ಕೈದು ಎಳೆತ ಏರಿಸಿದ ಕೋನದಲ್ಲಿ ಕೊಟ್ಟರೆ ಸಾಕು.

ಅರ್ಧ ಮಿಲಿಮೀಟರ್ ಒಳಗಿನ ಹಲ್ಲನ್ನು 45 ಮೈಕ್ರಾನಿನ ಪ್ಲೇಟಿನಲ್ಲಿ ಮನೆಯಲ್ಲೇ ತೆಗೆಯಬಹುದು. ಮಾರ್ಕರ್ ಹಚ್ಚಿ, ತಾಳ್ಮೆಯಿಂದ, ಎರಡೂ ಬದಿ ಸಮನಾಗಿ. ವಜ್ರದ ಪ್ಲೇಟು ತನ್ನ ಬೆಲೆಯನ್ನು ದುಡಿದುಕೊಡುವುದು ಈ ಕೆಲಸದಲ್ಲೇ.

ಲಕ್ಷಣ 7: ಅಲಗಿನ ಉದ್ದದಲ್ಲಿ ಒಂದು ಭಾಗ ಮಾತ್ರ ಹರಿತವಾಗುತ್ತದೆ

ಕೈ ಮತ್ತು ಪ್ಲೇಟು, ಎರಡರಲ್ಲಿ ಯಾವುದು ಎಂದು ಮೊದಲು ಬೇರ್ಪಡಿಸಿ. ಸ್ಟೀಲ್ ಸ್ಕೇಲನ್ನು ಪ್ಲೇಟಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ. ನಡುವೆ ಬೆಳಕು ನುಸುಳಿದರೆ ಪ್ಲೇಟು ಗುಳಿ ಬಿದ್ದಿದೆ. ಎರಡು ತುದಿಯಲ್ಲಿ ನುಸುಳಿದರೆ ಉಬ್ಬಿದೆ. ತೆಳು ತಗಡನ್ನು ಅಂಟಿಸಿ ಮಾಡಿದ ಅಗ್ಗದ ಪ್ಲೇಟುಗಳಲ್ಲಿ ಇದು ಸಾಮಾನ್ಯ. ವಾಟರ್ ಸ್ಟೋನಿನ ಹಾಗೆ ಉಜ್ಜಿ ಮಟ್ಟ ಮಾಡಲು ಬರುವುದಿಲ್ಲ, ಬದಲಾಯಿಸಬೇಕು. ನಿಕ್ಕಲ್ ಪೊರೆ ಹಾಗೇ ಎದ್ದು ಬರುತ್ತಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಆ ಚೂರು ಕೈಗೆ ಚುಚ್ಚುತ್ತದೆ.

ಪ್ಲೇಟು ಮಟ್ಟವಾಗಿದ್ದರೆ ತುದಿಯ ಕಡೆ ಹೋಗುವಾಗ ಮೊಣಕೈ ಎತ್ತುತ್ತಿಲ್ಲ ಎಂದರ್ಥ. ಅಲಗು ಬಾಗುವ ಕಡೆ ಹಿಡಿಯನ್ನು ಸ್ವಲ್ಪ ಎತ್ತಬೇಕು. ಮಾರ್ಕರ್ ಅದನ್ನೂ ತೋರಿಸಿಕೊಡುತ್ತದೆ.

ಇಲ್ಲಿ ನಿಲ್ಲಿಸಿ, ಬಲ್ಲವರ ಹತ್ತಿರ ಹೋಗಿ

ಅಲಗಿನಲ್ಲಿ ಕೂದಲಿನಂತಹ ಬಿರುಕು ಬೆನ್ನಿನ ಕಡೆಗೆ ಏರುತ್ತಿದ್ದರೆ ಆ ಚಾಕು ಬಳಸಬೇಡಿ. ತುದಿ ಮುರಿದಿದ್ದರೆ, ಎರಡು ಮಿಲಿಮೀಟರಿಗಿಂತ ಆಳದ ಹಲ್ಲಿದ್ದರೆ, ಅಲಗೇ ಬಾಗಿದ್ದರೆ ಕೈಯಲ್ಲಿ ಮಾಡುವ ಕೆಲಸವಲ್ಲ. ಒಂದೇ ಬದಿಗೆ ಇಳಿಜಾರಿರುವ ಜಪಾನಿನ ಚಾಕುಗಳೂ ಹಾಗೆಯೇ. ಅವುಗಳ ಹಿಂಬದಿ ಸ್ವಲ್ಪ ಗುಳಿಯಾಗಿರುತ್ತದೆ. ಅದನ್ನು ಒರಟು ವಜ್ರಕ್ಕೆ ಹಿಡಿದು ಹಾಳು ಮಾಡಿದರೆ ಸರಿಪಡಿಸುವುದು ಬಲು ಕಷ್ಟ.

ಯಾರ ಹತ್ತಿರ ಕೊಟ್ಟರೂ ಒಂದು ಪ್ರಶ್ನೆ ಕೇಳಿ: ನೀರು ಹಾಕಿ ಮಾಡುತ್ತೀರಾ? ಬೀದಿಯಲ್ಲಿ ಸಾಣೆ ಹಿಡಿಯುವವರು ಈಳಿಗೆ, ಕತ್ತರಿ, ಮಚ್ಚುಗಳಿಗೆ ಒಳ್ಳೆಯ ಕೆಲಸ ಮಾಡಿಕೊಡುತ್ತಾರೆ. ಆದರೆ ಒಣ ಚಕ್ರದ ಬಿಸಿ ತೆಳು ಅಂಚಿಗೆ ಕಣ್ಣು ಮಿಟುಕಿಸುವುದರೊಳಗೆ ಏರುತ್ತದೆ. ಅಂಚು ನೀಲಿಯಾಗಿದ್ದರೆ ಅಲ್ಲಿ ಬಿಸಿ 300 ಡಿಗ್ರಿಯ ಸುಮಾರಿಗೆ ಅಥವಾ ಅದಕ್ಕೂ ಮೇಲೆ ಹೋಗಿದೆ. ಆ ಭಾಗದ ಹದ ಹೋಯಿತು. ನೀಲಿ ಆದಷ್ಟೂ ಉಕ್ಕನ್ನು ನೀರು ಹಾಕಿ ನಿಧಾನವಾಗಿ ಸವೆಸಿ ತೆಗೆದರೆ ಮಾತ್ರ ಚಾಕು ಮತ್ತೆ ನಿಲ್ಲುತ್ತದೆ. ವಜ್ರದ ಚಕ್ರವನ್ನು ಗ್ರೈಂಡರಿಗೆ ಹಾಕಿ ಉಕ್ಕಿಗೆ ಹಿಡಿಯುವುದೂ ಬೇಡ. ಆ ಬಿಸಿಯಲ್ಲಿ ವಜ್ರದ ಇಂಗಾಲ ಕಬ್ಬಿಣಕ್ಕೆ ಸೇರಿಕೊಂಡು ಕಣ ಬೇಗ ಮೊಂಡಾಗುತ್ತದೆ. ಕೈಯಲ್ಲಿ ಮಸೆಯುವಾಗ ಈ ತೊಂದರೆ ಇಲ್ಲ.

ಕೈ ಕುಯ್ದುಕೊಂಡರೆ ಶುಭ್ರ ಬಟ್ಟೆಯಲ್ಲಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ನಿಲ್ಲದಿದ್ದರೆ, ಬೆರಳು ಮರಗಟ್ಟಿದರೆ ಅಥವಾ ಮಡಚಲು ಬರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ನೋಡಿ ಕೊಳ್ಳುವುದೇ ಆದರೆ

ನನ್ನ ಮಟ್ಟಿಗೆ ಮೊದಲ ಪ್ಲೇಟು 25 ಮೈಕ್ರಾನಿನದು. ದಿನಬಳಕೆಯ ಚಾಕುವನ್ನು ಮೊಂಡಿನಿಂದ ಟೊಮೇಟೊ ಹೆಚ್ಚುವವರೆಗೆ ಅದೊಂದೇ ತಂದುಕೊಡುತ್ತದೆ. ಹಲ್ಲು ತೆಗೆಯುವ ಕೆಲಸ ಬರುತ್ತದೆ ಅಂದರೆ 45 ಮೈಕ್ರಾನಿನದು ಎರಡನೆಯದು. ಅದಕ್ಕಿಂತ ನುಣುಪಿಗೆ ಪ್ಲೇಟು ಬೇಡ, ಚರ್ಮ ಮತ್ತು ಪೇಸ್ಟ್ ಸಾಕು. ಆರು ಪ್ಲೇಟಿನ ಅಗ್ಗದ ಸೆಟ್ಟಿಗಿಂತ ಒಂದು ಮಟ್ಟವಾದ ಪ್ಲೇಟು ಎಷ್ಟೋ ಮೇಲು.

ಉದ್ದ ಕನಿಷ್ಠ 15 ಸೆಂಟಿಮೀಟರ್, ಆದರೆ 20 ಇರಲಿ. ಅಗಲ 6ರಿಂದ 7 ಸೆಂಟಿಮೀಟರ್. ತೂತು ತೂತಾಗಿರುವ ಮೈ ಬೇಗ ಕಟ್ಟಿಕೊಳ್ಳುವುದಿಲ್ಲ, ಆದರೆ ಸಣ್ಣ ಚಾಕುವಿನ ತುದಿ ಆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಅಡುಗೆ ಚಾಕುವಿಗೆ ಪೂರ್ತಿ ತುಂಬಿದ ಮೈಯೇ ನನಗೆ ಇಷ್ಟ. ರೆಸಿನ್ನಿನಲ್ಲಿ ವಜ್ರ ಬೆರೆಸಿ ಮಾಡಿದ ದಪ್ಪ ಕಲ್ಲುಗಳೂ ಸಿಗುತ್ತವೆ. ಅವುಗಳಲ್ಲಿ ಒಂದೇ ಪದರ ಅಲ್ಲ, ಆಳದವರೆಗೂ ವಜ್ರವಿರುತ್ತದೆ. ಗೀರು ಸಣ್ಣದು, ಮಸೆಯುವ ಹಿತ ಜಾಸ್ತಿ, ಬೆಲೆಯೂ ಜಾಸ್ತಿ. ಅವನ್ನು ಆಗಾಗ ಮಟ್ಟ ಮಾಡಬೇಕಾಗುತ್ತದೆ. ಹೊಸಬರಿಗೆ ನಿಕ್ಕಲ್ ಪ್ಲೇಟೇ ಅನುಕೂಲ.

ವಜ್ರ ಅಂದ ಕೂಡಲೇ ಬೆಲೆಗೆ ಹೆದರಬೇಡಿ. ಇದು ಗಣಿಯ ವಜ್ರ ಅಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕೃತಕ ವಜ್ರ ಮಾಡಿದ್ದನ್ನು 1955ರಲ್ಲಿ ಪ್ರಕಟಿಸಿತು. ಅಲ್ಲಿಂದ ಈಚೆಗೆ ಕಾರ್ಖಾನೆಯ ವಜ್ರದ ಪುಡಿ ಸಾಮಾನ್ಯ ಸರಕಾಗಿದೆ.

ಪ್ಲೇಟು ಮನೆಗೆ ಬಂದ ದಿನವೇ ಸ್ಕೇಲು, ಟಾರ್ಚ್ ಇಟ್ಟು ಮಟ್ಟ ನೋಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ. ಬಳಸಿದ ಮೇಲೆ ತೊಳೆದು, ಬಟ್ಟೆಯಲ್ಲಿ ಒರೆಸಿ, ನಿಲ್ಲಿಸಿ ಒಣಗಿಸಿ. ಒದ್ದೆಯಾಗಿ ಡಬ್ಬಕ್ಕೆ ಹಾಕಿದರೆ ಬದಿಯಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಮನೆಗಳಲ್ಲಿ, ಒಣಗಿದೆ ಅನ್ನಿಸಿದ ಮೇಲೂ ಅರ್ಧ ಗಂಟೆ ಫ್ಯಾನಿನ ಕೆಳಗೆ ಇಟ್ಟು ಆಮೇಲೆ ಎತ್ತಿಡಿ.